ಅಬ್ರಿ: ನೀರಿನ ಮೇಲಿನ ಚಿತ್ತಾರ

ಹಳೆಯ ಖಾತೆ ಪುಸ್ತಕಗಳನ್ನೋ, ಕಳೆದ ಶತಮಾನದ ಆದಿಯಲ್ಲಿ ತೊಗಲಿನ ಬೆನ್ನು ಹಾಕಿ ಕಟ್ಟಿದ ದಪ್ಪ ಗ್ರಂಥಗಳನ್ನೋ ಬಿಡಿಸಿ ನೋಡಿದವರಿಗೆ ನಾನು ಈಗ ಹೇಳಹೊರಟಿರುವ ವಸ್ತು ತೀರ ಅಪರಿಚಿತವಾಗಿರಲಾರದು. ರಟ್ಟನ್ನು ತೆರೆದೊಡನೆ, ಮೊದಲ ಅಕ್ಷರ ಕಣ್ಣಿಗೆ ಬೀಳುವ ಮುನ್ನವೇ, ಒಂದು ಬಣ್ಣದ ಹಾಳೆ ಎದುರಾಗುತ್ತದೆ. ಅದರಲ್ಲಿ ನೀಲಿ, ಕೆಂಪು, ಹಳದಿಗಳು ಒಂದರೊಳಗೊಂದು ಸುತ್ತಿ, ಸುಳಿದು, ನವಿಲುಗರಿಯ ಕಣ್ಣಿನಂತೆಯೋ ಕೊಯ್ದ ಕಲ್ಲಿನ ಗೆರೆಗಳಂತೆಯೋ ಹರಡಿರುತ್ತವೆ. ಚಿತ್ರವೆನ್ನೋಣವೆಂದರೆ ಅಲ್ಲಿ ಯಾವ ಆಕಾರವೂ ಇಲ್ಲ. ಬರಿಯ ಬಣ್ಣವೆನ್ನೋಣವೆಂದರೆ ಏನೋ ಒಂದು ಕ್ರಮ ಕಾಣುತ್ತದೆ. ಆ ಹಾಳೆಯನ್ನು ನಾವೆಲ್ಲ ನೋಡಿದ್ದೇವೆ, ಮಗುಚಿದ್ದೇವೆ, ಗ್ರಂಥದ ಒಳಕ್ಕೆ ಹೋಗಿದ್ದೇವೆ. ಅದು ಎಲ್ಲಿಂದ ಬಂತು, ಯಾರು ಮಾಡಿದರು ಎಂದು ನಿಂತು ಕೇಳಿದವರು ಕಡಮೆ.

ಇಂಗ್ಲಿಷಿನವರು ಅಮೃತಶಿಲೆಯ ಹೋಲಿಕೆಯನ್ನು ಹಿಡಿದು ಇದನ್ನು ಮಾರ್ಬಲ್ ಕಾಗದವೆಂದರು. ತುರ್ಕಿಯವರು ಎಬ್ರು ಎನ್ನುತ್ತಾರೆ. ಪಾರಸಿಯಲ್ಲಿ ಇದರ ಹೆಸರು ಅಬ್ರಿ. ಉರ್ದು, ಹಿಂದಿಗಳಲ್ಲಿಯೂ ಅದೇ. ಅಬ್ರ್ ಎಂದರೆ ಮೋಡ. ಸಂಸ್ಕೃತದ ಅಭ್ರ ಶಬ್ದವನ್ನು ಬಲ್ಲ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಪಾರಸಿಯ ಅಬ್ರ್ ಮತ್ತು ಸಂಸ್ಕೃತದ ಅಭ್ರ ಒಂದೇ ತಾಯಿಬೇರಿನಿಂದ ಒಡೆದ ಸೋದರ ಶಬ್ದಗಳು. ಕಲ್ಲಿನ ಹೋಲಿಕೆಗಿಂತ ಮೋಡದ ಹೋಲಿಕೆಯೇ ಉಚಿತವೆಂದು ನನಗೆ ತೋರುತ್ತದೆ. ಕಲ್ಲಿನ ಗೆರೆ ನಿಂತ ಗೆರೆ. ಮೋಡದ ಆಕಾರವಾದರೋ ನೋಡುತ್ತಿರುವಂತೆಯೇ ಬೇರೆಯಾಗುವಂಥದು, ಇನ್ನೊಮ್ಮೆ ಬಾರದಂಥದು. ಅಬ್ರಿ ಕಾಗದದ ಗುಣವೂ ಅದೇ. ಒಬ್ಬನೇ ಕೆಲಸಗಾರ, ಒಂದೇ ದಿನ, ಅವೇ ಬಣ್ಣಗಳಿಂದ ನೂರು ಹಾಳೆಗಳನ್ನು ಮಾಡಿದರೂ ಎರಡು ಹಾಳೆಗಳು ಒಂದರಂತೊಂದು ಇರುವುದಿಲ್ಲ. ಈ ಮಾತನ್ನು ಕೇಳುಗರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ನಮಗೆ ಕೆಲಸವಿದೆ.

ಮಾಡುವ ಬಗೆಯನ್ನು ಮೊದಲು ಹೇಳುತ್ತೇನೆ. ಮಳೆಗಾಲದಲ್ಲಿ ರಸ್ತೆಯ ಗುಂಡಿಯಲ್ಲಿ ನಿಂತ ನೀರಿನ ಮೇಲೆ ಎಣ್ಣೆಯ ಹನಿ ಬಿದ್ದು ಬಣ್ಣ ಬಣ್ಣವಾಗಿ ಹರಡುವುದನ್ನು ಎಲ್ಲರೂ ಕಂಡಿದ್ದೇವಷ್ಟೆ. ಅದರ ಮೇಲೆ ಒಂದು ಹಾಳೆಯನ್ನು ಹಾಸಿ ಎತ್ತಿದರೆ ಆ ಬಣ್ಣವೆಲ್ಲ ಹಾಳೆಗೆ ಬರುವಂತಿದ್ದರೆ ಹೇಗೆ? ಅಬ್ರಿಯೆಂದರೆ ಅದೇ. ಆದರೆ ಬರಿಯ ನೀರಿನಲ್ಲಿ ಬಣ್ಣ ನಿಲ್ಲುವುದಿಲ್ಲ, ಮುಳುಗುತ್ತದೆ. ಆದುದರಿಂದ ಅಗಲವಾದ ತಟ್ಟೆಯಲ್ಲಿ ನೀರು ತುಂಬಿ ಅದಕ್ಕೆ ಅಂಟು ಸೇರಿಸಿ ಗಂಜಿಯ ಹದಕ್ಕೆ ತರುತ್ತಾರೆ. ಕತೀರವೆಂಬ ಅಂಟು ಇದಕ್ಕೆ ಪ್ರಸಿದ್ಧವಾದುದು. ಪಾರಸಿ ಪಾಕವಿಧಾನಗಳಲ್ಲಿ ಮೆಂತ್ಯದ ಲೋಳೆಯೂ ಬರುತ್ತದೆ. ನಮ್ಮ ಅಡಿಗೆಮನೆಯ ಮೆಂತ್ಯ! ನುಣ್ಣಗೆ ಅರೆದ ಬಣ್ಣಕ್ಕೆ ದನದ ಪಿತ್ತರಸವನ್ನು ಒಂದೆರಡು ತೊಟ್ಟು ಬೆರೆಸಿ ಕುಂಚದಿಂದ ಚಿಮುಕಿಸುತ್ತಾರೆ. ಬಣ್ಣ ಮುಳುಗದೆ ತೇಲಿ ವೃತ್ತವಾಗಿ ಅಗಲವಾಗುವುದು ಈ ಪಿತ್ತದ ಮಹಿಮೆಯಿಂದ. ಎರಡನೆಯ ಬಣ್ಣದ ಹನಿ ಬಿದ್ದಾಗ ಅದು ಮೊದಲನೆಯದನ್ನು ಒತ್ತರಿಸಿ ತನ್ನ ಜಾಗ ಮಾಡಿಕೊಳ್ಳುತ್ತದೆಯೇ ಹೊರತು ಬೆರೆಯುವುದಿಲ್ಲ. ಇದೇ ಸೋಜಿಗ. ಬಳಿಕ ಕಡ್ಡಿಯಿಂದ ಎಳೆದರೆ ಒಂದು ಮಾದರಿ, ಬಾಚಣಿಗೆಯಂತಹ ಸಾಧನದಿಂದ ಬಾಚಿದರೆ ಇನ್ನೊಂದು. ಕೊನೆಗೆ ಹಾಳೆಯನ್ನು ಗಾಳಿ ಸಿಕ್ಕದಂತೆ ಮೆಲ್ಲನೆ ಇಳಿಸಿ ಎತ್ತಬೇಕು. ತಟ್ಟೆಯಲ್ಲಿದ್ದುದೆಲ್ಲ ಹಾಳೆಗೆ ಬಂದಿರುತ್ತದೆ. ಯುರೋಪಿನಲ್ಲಿ ಬಣ್ಣ ಕಚ್ಚಿಕೊಳ್ಳಲೆಂದು ಹಾಳೆಗೆ ಮೊದಲೇ ಪಟಿಕದ ನೀರು ಬಳಿಯುತ್ತಿದ್ದರು.

ಕೆಲಸ ಇಷ್ಟೇ ಎಂದು ಭಾವಿಸಬಾರದು. ನೀರು ಒಂದಿಷ್ಟು ತಣ್ಣಗಾದರೆ ಬಣ್ಣ ಹರಡದು. ಪಿತ್ತ ಒಂದು ತೊಟ್ಟು ಹೆಚ್ಚಾದರೆ ಒಂದೇ ಬಣ್ಣ ಇಡೀ ತಟ್ಟೆಯನ್ನು ಆಕ್ರಮಿಸುತ್ತದೆ. ಮೇಲೆ ಧೂಳಿನ ಕಣ ಬಿದ್ದರೆ ಅಲ್ಲಿ ಬಿಳಿಯ ಚುಕ್ಕೆ. ನೀರ ಮೇಲಣ ಬರೆಹ ನಮ್ಮ ನುಡಿಯಲ್ಲಿ ನಿಲ್ಲದ ವಸ್ತುವಿಗೆ ಉಪಮಾನ. ಈ ಜನ ಅದನ್ನು ನಿಲ್ಲಿಸಿಬಿಟ್ಟರು.

ನೀರಿನ ಮೇಲಿನ ಬಣ್ಣವನ್ನು ಹಾಳೆಗೆ ತೆಗೆಯುವ ವಿದ್ಯೆ ಜಪಾನಿನಲ್ಲಿ ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಇತ್ತು. ಅಲ್ಲಿ ಅದನ್ನು ಸುಮಿನಾಗಾಶಿ ಎನ್ನುತ್ತಾರೆ, ಎಂದರೆ ತೇಲುವ ಮಸಿ. ಅವರದು ಬರಿಯ ನೀರು, ಕಪ್ಪು ಮಸಿ, ಬಾಯಿಂದ ಮೆಲ್ಲನೆ ಊದುವ ಉಸಿರು. ಅದರ ಚೆಲುವು ಬೇರೆಯ ಬಗೆಯದು. ಇರಾನಿನ ಅಬ್ರಿಗೂ ಅದಕ್ಕೂ ನೇರವಾದ ನಂಟನ್ನು ಕಲ್ಪಿಸಲು ನಾನು ಹೋಗುವುದಿಲ್ಲ. ನಮ್ಮ ಕಡೆಯ ಕಥೆ ಬಹುಮಟ್ಟಿಗೆ 1496ರಿಂದ ಮೊದಲಾಗುತ್ತದೆ. ಆ ವರ್ಷ ಮಾಳವದ ಮಾಂಡುವಿನಲ್ಲಿ ಸುಲ್ತಾನ ಘಿಯಾಸ್ ಶಾಹನ ಗ್ರಂಥಭಂಡಾರಕ್ಕೆ ಇರಾನಿನಿಂದ ಕಾಣಿಕೆಯಾಗಿ ಕೆಲವು ಅಬ್ರಿ ಹಾಳೆಗಳು ಬಂದುವು. ಅವು ಅಪೂರ್ವ ವಸ್ತುಗಳೆಂದು ಭಂಡಾರದವರು ಗುರುತು ಬರೆದಿಟ್ಟರು. ಆ ಬರೆಹವುಳ್ಳ ಹಾಳೆಗಳು ಇಂದಿಗೂ ಉಳಿದಿವೆ. ಗಮನಿಸಿ: ಅವುಗಳ ಮೇಲೆ ಗ್ರಂಥವಿಲ್ಲ, ಪದ್ಯವಿಲ್ಲ. ಬರಿಯ ಹಾಳೆಯನ್ನೇ ಕಾಣಿಕೆಯೆಂದು ಕಳಿಸಿದರು, ಬರಿಯ ಹಾಳೆಯನ್ನೇ ಅಪೂರ್ವವೆಂದು ದಾಖಲೆ ಮಾಡಿ ಒಳಗಿಟ್ಟರು. ಇಂತಹ ಭಂಡಾರಿಯೊಬ್ಬ ಐನೂರು ವರ್ಷಗಳ ಹಿಂದೆ ಇದ್ದನಲ್ಲ ಎಂದು ನನಗೆ ಆಗಾಗ ಅಸೂಯೆಯಾಗುತ್ತದೆ.

ಮುಂದಿನ ಶತಮಾನದ ಕೊನೆಗೆ ಪ್ರವಾಹ ತಿರುಗಿತು. ಇರಾನಿನಿಂದ ಹಿಂದೂಸ್ಥಾನಕ್ಕೆ ವಲಸೆ ಬಂದ ಮುಹಮ್ಮದ್ ತಾಹಿರ್ ಎಂಬಾತ ಈ ವಿದ್ಯೆಯಲ್ಲಿ ಹೊಸ ಮಾದರಿಗಳನ್ನು ತಂದು, ಅವನ ಹಾಳೆಗಳು ಇಲ್ಲಿಂದ ಇರಾನಿಗೆ ಹೋದುವು. ತುರ್ಕಿಯಲ್ಲಿಯೂ ಹೊತ್ತಿಗೆ ಇದು ಬೇರೂರಿತ್ತು. ಎಬ್ರುವಿನ ಪಾಕಗಳನ್ನು ಹೇಳುವ ಹದಿನೇಳನೆಯ ಶತಮಾನದ ಆದಿಯ ಒಂದು ಕಿರುಹೊತ್ತಗೆ ಅಲ್ಲಿ ದೊರೆತಿದೆ. ಇಸ್ತಾಂಬುಲಿನ ಅಯಾ ಸೋಫಿಯಾ ಮಸೀದಿಯ ಖತೀಬನಾಗಿದ್ದ ಮೆಹ್ಮದ್ ಎಫೆಂದಿಯ ಹೆಸರಿನಲ್ಲಿ ಒಂದು ಮಾದರಿಯೇ ಉಂಟು; ಆತ 1773ರಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ತೀರಿಕೊಂಡ. ಆ ಪರಂಪರೆ ಕಡಿದುಹೋಗಲಿಲ್ಲ. ಕಳೆದ ಶತಮಾನದಲ್ಲಿ ಮುಸ್ತಫಾ ದುಜ್‌ಗುನ್‌ಮನ್ ಎಂಬ ಅಂಗಡಿಕಾರ ಗಿಡಮೂಲಿಕೆ, ಸಂಬಾರಗಳನ್ನು ಮಾರುತ್ತ ಅದನ್ನು ಉಳಿಸಿಕೊಂಡು ಬಂದ. 2014ರಲ್ಲಿ ಯುನೆಸ್ಕೋ ಸಂಸ್ಥೆ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟನ್ನು ಹೇಳಿ ನಾನು ಬಿಜಾಪುರಕ್ಕೆ, ಎಂದರೆ ಇಂದಿನ ವಿಜಯಪುರಕ್ಕೆ, ಬರುತ್ತೇನೆ. ಅಬ್ರಿಯ ಚರಿತ್ರೆಯಲ್ಲಿ ಬೇರೆ ಯಾವ ನಾಡಿಗೂ ಇಲ್ಲದ ಒಂದು ಸ್ಥಾನ ಈ ಊರಿಗಿದೆ. ನಮ್ಮವರಿಗೆ ಅದು ಸಾಕಷ್ಟು ತಿಳಿಯದಿರುವುದೇ ನಾನು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣ.

ಎರಡನೆಯ ಇಬ್ರಾಹಿಂ ಆದಿಲಶಾಹಿ 1580ರಿಂದ 1627ರ ವರೆಗೆ ಆಳಿದ. ಕನ್ನಡಿಗರಿಗೆ ಅವನು ಜಗದ್ಗುರು ಬಾದಶಹ. ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು ದಖನಿಯಲ್ಲಿ ಹಾಡುಗಳನ್ನು ಕಟ್ಟಿದವನು. ತೊರವಿಯ ಬಳಿ ನವರಸಪುರವೆಂಬ ಊರನ್ನೇ ಎಬ್ಬಿಸಹೊರಟವನು. ಸಂಗೀತಗಾರರಂತೆಯೇ ಚಿತ್ರಕಾರರೂ ಲಿಪಿಗಾರರೂ ಅವನ ಆಸ್ಥಾನಕ್ಕೆ ದೂರದೂರದಿಂದ ಬಂದರು. ಅವನ ಕಾಲದಲ್ಲಿಯೂ ಅವನ ಮಗ ಮುಹಮ್ಮದ್ ಆದಿಲಶಾಹಿಯ ಕಾಲದಲ್ಲಿಯೂ, ಎಂದರೆ ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ, ಬಿಜಾಪುರದಲ್ಲಿ ರಚಿತವಾದುವೆಂದು ವಿದ್ವಾಂಸರು ಗುರುತಿಸಿರುವ ಕೆಲವು ಚಿತ್ರಗಳಿವೆ. ಬೇರೆಡೆಯಲ್ಲೆಲ್ಲ ಅಬ್ರಿಗೆ ದೊರೆತದ್ದು ಅಂಚಿನ ಕೆಲಸ. ನಡುವೆ ಸುಂದರವಾದ ಬರೆಹವೋ ಚಿತ್ರವೋ, ಸುತ್ತ ಅಬ್ರಿಯ ಚೌಕಟ್ಟು. ಇಲ್ಲವಾದರೆ ಬರೆಹಕ್ಕೆ ಹಾಸು. ಸೇವಕನಂತೆ ಅದು ಬದಿಯಲ್ಲಿ ನಿಂತಿತ್ತು. ಬಿಜಾಪುರದವರು ಅದನ್ನು ಕರೆದು ನಡುವೆ ಕೂರಿಸಿದರು.

ಅದು ಹೇಗೆಂದರೆ, ಹಾಳೆಯ ಮೇಲೆ ಕುದುರೆಯ ಆಕಾರವನ್ನು ಗುರುತು ಮಾಡಿಕೊಂಡು, ಬಣ್ಣ ತಾಗಬಾರದ ಭಾಗಕ್ಕೆ ಅಂಟು ಬಳಿದೋ ಕತ್ತರಿಸಿದ ಕಾಗದವನ್ನು ಮರೆಮಾಡಿಯೋ ತಟ್ಟೆಗೆ ಇಳಿಸುವುದು. ಎತ್ತಿದಾಗ ಮುಚ್ಚಿದ ಭಾಗ ಖಾಲಿ, ಉಳಿದ ಭಾಗವೆಲ್ಲ ಮೋಡ. ಕೆಲವು ಚಿತ್ರಗಳಲ್ಲಿ ಹಿನ್ನೆಲೆ ಅಬ್ರಿಯಾಗಿ ಆಕೃತಿ ತೆರವಾಗಿದೆ. ಕೆಲವುಗಳಲ್ಲಿ ಆಕೃತಿಯೇ ಅಬ್ರಿಯಾಗಿ ಹಿನ್ನೆಲೆ ತೆರವಾಗಿದೆ. ಬಳಿಕ ಕಿರುಗುಂಚದಿಂದ ಕಣ್ಣು, ಕಡಿವಾಣ, ಬಟ್ಟೆಯ ಮಡಿಕೆಗಳನ್ನು ತಿದ್ದುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಇಂತಹ ಒಂದಿದೆ. ಬಡಕಲು ಕುದುರೆಯೂ ಅದರ ಸವಾರನೂ ಅದರ ವಸ್ತು. ಬಡಕಲು ಕುದುರೆ ಪಾರಸಿ ಚಿತ್ರಗಳಲ್ಲಿ ಹಿಂದಿನಿಂದ ಬಂದದ್ದು. ಸೂಫಿಗಳು ಮನುಷ್ಯನ ಕೀಳು ಆಸೆಗಳ ಮೊತ್ತವನ್ನು ಕುದುರೆಗೆ ಹೋಲಿಸಿ, ಅದನ್ನು ಉಪವಾಸ ಕೆಡವಿ ಪಳಗಿಸಬೇಕೆನ್ನುತ್ತಿದ್ದರು. ಇಂದ್ರಿಯಗಳನ್ನು ಕುದುರೆಗಳೆಂದ ಕಠೋಪನಿಷತ್ತನ್ನು ಓದಿದವರಿಗೆ ಈ ಮಾತು ಹೊಸದೆನಿಸದು. ಆದರೆ ಆ ವಸ್ತುವಿಗೆ ಅಬ್ರಿಯನ್ನು ತಂದು ಹೊಂದಿಸಿದ್ದರಲ್ಲಿ ಕಲೆಗಾರನ ಬುದ್ಧಿ ಕಾಣುತ್ತದೆ. ಯಾವ ಕೈಯೂ ಪೂರ್ತಿ ಹಿಡಿತಕ್ಕೆ ತಂದುಕೊಳ್ಳಲಾರದ ಬಣ್ಣದಿಂದ, ಹಿಡಿತಕ್ಕೆ ಸಿಕ್ಕದ ಮನಸ್ಸನ್ನು ಬರೆದಿದ್ದಾನೆ! ಇದು ನನ್ನ ವ್ಯಾಖ್ಯಾನ, ಒಪ್ಪದವರು ಬಿಡಬಹುದು.

ಆ ಕಲೆಗಾರನ ಹೆಸರು ಚಿತ್ರದಲ್ಲಿಲ್ಲ. ಇಬ್ರಾಹಿಮನ ಹಾಡುಗಳ ಗ್ರಂಥವಾದ ಕಿತಾಬೆ ನವರಸನ್ನು ಅಂದವಾಗಿ ಬರೆದೊಪ್ಪಿಸಿದ ಖಲೀಲುಲ್ಲಾನೆಂಬ ಲಿಪಿಗಾರನಿಗೆ ದೊರೆ ಲೇಖನಿಯ ಬಾದಶಹನೆಂದು ಬಿರುದು ಕೊಟ್ಟ. ಅಕ್ಷರ ಬರೆದವನು ಬಾದಶಹನಾದ. ಹಾಳೆಯನ್ನು ನೀರಿನಿಂದ ಎತ್ತಿದವನಿಗೆ ಹೆಸರೇ ಉಳಿಯಲಿಲ್ಲ.

ಹಾಳೆಯೆಂದೆ. ಅದನ್ನು ಮಾಡುವವರು ಕಾಗಜಿಗಳು. ದೌಲತಾಬಾದಿನ ಹತ್ತಿರ ಕಾಗಜಿಪುರವೆಂಬ ಊರೇ ಇದೆ. ತುಘಲಕನು ರಾಜಧಾನಿಯನ್ನು ದಖನಿಗೆ ಸಾಗಿಸಿದಾಗ ಅವರ ಹಿರಿಯರು ಬಂದರೆಂದು ಪ್ರತೀತಿ. ಚಿಂದಿಬಟ್ಟೆ, ಹಳೆಯ ಸೆಣಬಿನ ಹಗ್ಗಗಳನ್ನು ಸುಣ್ಣದ ನೀರಿನಲ್ಲಿ ಕೊಳೆಹಾಕಿ, ಕಾಲಿನಿಂದ ತುಳಿದು ಎತ್ತಿ ಬೀಳಿಸುವ ದೊಡ್ಡ ಒನಕೆಯಿಂದ ಕುಟ್ಟಿ, ತೊಳೆದು, ತೊಟ್ಟಿಯ ನೀರಿನಲ್ಲಿ ಕಲಕಿ, ಹುಲ್ಲುಕಡ್ಡಿಯ ಚಾಪೆಯಂತಹ ಜರಡಿಯಲ್ಲಿ ಒಂದೊಂದೇ ಹಾಳೆಯನ್ನು ಎತ್ತುತ್ತಿದ್ದರು. ಗೋಡೆಗೆ ಅಂಟಿಸಿ ಒಣಗಿಸಿ, ಗಂಜಿ ಬಳಿದು, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ಕೊಟ್ಟಮೇಲೆ ಅದು ಲೇಖನಿಗೆ ಸಿದ್ಧ.

ಈ ಹಾಳೆಯ ಜೊತೆಯಲ್ಲಿ ನಮ್ಮ ಭಾಷೆಗೆ ಬಂದುದೇನು ಕಡಮೆಯಲ್ಲ. ಕಾಗದ ಎಂಬ ಮಾತೇ ಪಾರಸಿಯ ಕಾಗಜ್. ನಾವು ಅದನ್ನು ಪತ್ರಕ್ಕೂ ಹಬ್ಬಿಸಿಕೊಂಡು ‘ಊರಿಂದ ಕಾಗದ ಬಂತು’ ಎನ್ನುತ್ತೇವೆ. ಶಾಯಿ, ದಫ್ತರ, ಕಾಗದವನ್ನು ಎಣಿಸುವ ದಸ್ತು, ಎಲ್ಲವೂ ಆ ದಾರಿಯಿಂದ ಬಂದವು. ರೀಮು ಇಂಗ್ಲಿಷೆಂದು ನಾವು ತಿಳಿದಿದ್ದೇವೆ. ಅದೂ ಅರಬ್ಬಿಯ ರಿಜ್ಮಾ, ಯುರೋಪನ್ನು ಸುತ್ತಿ ನಮ್ಮ ಅಂಗಡಿಗೆ ಬಂದಿದೆ. ಅದಕ್ಕೆ ಮೊದಲು ನಮ್ಮದು ಓಲೆ ಮತ್ತು ಕಂಠ, ಲೆಕ್ಕಪತ್ರಗಳಿಗೆ ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಕಡತ. ಶೃಂಗೇರಿ ಮಠದಲ್ಲಿ ಅಂಥವು ಹಲವಾರು ಉಳಿದಿವೆ. ಓಲೆಗೆ ಅಲಂಕಾರ ಒಗ್ಗದೆಂದಲ್ಲ. ಮೂಡಬಿದಿರೆಯ ಧವಳಾ ಗ್ರಂಥಗಳ ಓಲೆಗಳಲ್ಲಿ ಹನ್ನೆರಡನೆಯ ಶತಮಾನದ ಬಣ್ಣದ ಚಿತ್ರಗಳುಂಟು. ಆದರೆ ಓಲೆಯ ಅಗಲ ಪ್ರಕೃತಿ ಕೊಟ್ಟಷ್ಟೇ. ಅಂಚು ಬಿಟ್ಟು, ಆ ಅಂಚನ್ನು ಸಿಂಗರಿಸುವ ಐಶ್ವರ್ಯ ಕಾಗದದೊಡನೆ ಬಂದದ್ದು.

1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದಮೇಲೆ ಆ ಆಸ್ಥಾನ ಮುಗಿಯಿತು. ಅಸರ್ ಮಹಲಿನಲ್ಲಿ ಉಳಿದಿದ್ದ ನೂರಾರು ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯವನ್ನು ಸೇರಿದುವು. ಅಬ್ರಿ ಚಿತ್ರಗಳು ಯುರೋಪು, ಅಮೆರಿಕಗಳ ಸಂಗ್ರಹಗಳಲ್ಲಿ ಚದುರಿಹೋಗಿವೆ. 2015ರಲ್ಲಿ ಮೆಟ್ರೊಪಾಲಿಟನ್ನಿನವರು ದಖನಿ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿದಾಗ ಮಾಂಡುವಿನ ಆ ಹಳೆಯ ಹಾಳೆಗಳನ್ನೂ ಬಿಜಾಪುರದ ಚಿತ್ರಗಳನ್ನೂ ನೋಡಲು ನಮ್ಮವರು ಕಡಲು ದಾಟಬೇಕಾಯಿತು.

ಯುರೋಪಿನವರು ಇದನ್ನು ತುರ್ಕಿಯಿಂದ ಕಲಿತರು. ಬೇಕನ್ ತನ್ನ ನಿಸರ್ಗಶಾಸ್ತ್ರದ ಗ್ರಂಥದಲ್ಲಿ ತುರ್ಕರ ಈ ವಿದ್ಯೆಯನ್ನು ಹೇಳುತ್ತಾನೆ. ಆ ಗ್ರಂಥ ಬಂದದ್ದು ಇಬ್ರಾಹಿಂ ತೀರಿಕೊಂಡ ಸುಮಾರಿಗೆ. ಆಮೇಲೆ ಅಲ್ಲಿ ಅದು ಪುಸ್ತಕ ಕಟ್ಟುವವರ ಕೈಗೆ ಹೋಗಿ ಒಳಹಾಳೆಯಾಯಿತು. ಅಲ್ಲಿಯ ಕಥೆಯಲ್ಲಿ ನನಗೆ ಪ್ರಿಯವಾದವು ಎರಡು ಸಂಗತಿಗಳು. 1761ರಲ್ಲಿ ಲಾರೆನ್ಸ್ ಸ್ಟರ್ನ್ ತನ್ನ ಟ್ರಿಸ್ಟ್ರಂ ಶ್ಯಾಂಡಿ ಕಾದಂಬರಿಯ ಮೂರನೆಯ ಸಂಪುಟದ ನಡುವೆ ಅಕ್ಷರವಿಲ್ಲದ ಒಂದು ಅಬ್ರಿ ಹಾಳೆಯನ್ನು ಸೇರಿಸಿದ, ಎರಡು ಮಗ್ಗುಲಿಗೂ ಕೈಯಿಂದಲೇ ಬಣ್ಣ ಹಿಡಿಸಿದ್ದು. ಆದುದರಿಂದ ಆ ಮುದ್ರಣದ ಯಾವ ಎರಡು ಪ್ರತಿಗಳೂ ಒಂದೇ ಅಲ್ಲ. ಅಚ್ಚಿನ ಪುಸ್ತಕವನ್ನು ಆತ ಹಸ್ತಪ್ರತಿಯನ್ನಾಗಿ ಮಾಡಿಬಿಟ್ಟ. ಈಚಿನ ಅಗ್ಗದ ಆವೃತ್ತಿಗಳಲ್ಲಿ ಅಲ್ಲಿ ಕಪ್ಪುಬಿಳುಪಿನ ಒಂದು ಪಡಿಯಚ್ಚು ಇರುತ್ತದೆ. ಹಾಸ್ಯ ಕೆಟ್ಟಿತು. ಇನ್ನೊಂದು ಸಂಗತಿ ದುಡ್ಡಿನದು. 1775ರಲ್ಲಿ ಅಮೆರಿಕದ ವಸಾಹತುಗಳು ಒಟ್ಟಾಗಿ ತಮ್ಮ ಮೊದಲ ನೋಟುಗಳನ್ನು ಹೊರಡಿಸಿದಾಗ, ಇಪ್ಪತ್ತು ಡಾಲರಿನ ನೋಟಿಗೆ ಅಂಚಿನಲ್ಲಿ ಅಬ್ರಿಯುಳ್ಳ ಕಾಗದವನ್ನು ಬೆಂಜಮಿನ್ ಫ್ರಾಂಕ್ಲಿನ್ ಒದಗಿಸಿಕೊಟ್ಟ. ಇನ್ನೊಮ್ಮೆ ಮಾಡಲಾಗದ ಚಿತ್ತಾರವನ್ನು ಖೋಟಾ ಮಾಡುವುದು ಹೇಗೆ? ಖಾತೆ ಪುಸ್ತಕಗಳ ಅಂಚಿಗೆ ಅಬ್ರಿ ಹಾಕುವುದೂ ಇದೇ ಉಪಾಯದಿಂದ. ಪುಸ್ತಕ ಮುಚ್ಚಿದಾಗ ಮೂರು ಕಡೆಯೂ ಅಖಂಡವಾದ ಚಿತ್ತಾರ. ನಡುವಿನಿಂದ ಒಂದು ಹಾಳೆಯನ್ನು ಕಿತ್ತರೆ ಗೆರೆ ಮುರಿದು ಕಳ್ಳತನ ಬಯಲಾಗುತ್ತದೆ.

ಇಲ್ಲಿ ನಾನು ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಗ್ರಂಥಸಂಪಾದನೆ ಮಾಡಿದ ನಾವು ಪಾಠಾಂತರಗಳನ್ನು ಒಂದೊಂದು ಅಕ್ಷರ ಬಿಡದೆ ಗುರುತಿಸುತ್ತೇವೆ. ಓಲೆಯ ಪ್ರತಿಯಾದರೆ ಉದ್ದ, ಅಗಲ, ಗರಿಗಳ ಸಂಖ್ಯೆ, ಸಾಲುಗಳ ಸಂಖ್ಯೆ ಬರೆಯುತ್ತೇವೆ. ಕಾಗದದ ಪ್ರತಿಯಾದರೆ? ನಾನು ನೋಡಿರುವ ಹಲವು ಸೂಚಿಗಳಲ್ಲಿ ‘ಕಾಗದ’ ಎಂಬ ಒಂದೇ ಮಾತು. ಒಳಹಾಳೆ ಯಾವುದು, ಅಂಚಿನಲ್ಲಿ ಬಣ್ಣವಿತ್ತೆ, ಒಂದಕ್ಷರವಿಲ್ಲ. ಹಲವು ವರ್ಷಗಳ ಹಿಂದೆ ಒಂದು ಗ್ರಂಥಾಲಯದಲ್ಲಿ ಹಳೆಯ ಸಂಪುಟಗಳಿಗೆ ಹೊಸ ರಟ್ಟು ಕಟ್ಟಿಸುತ್ತಿದ್ದರು. ಕೆಲಸ ನಡೆಯುತ್ತಿದ್ದ ಜಗಲಿಯ ಮೂಲೆಯ ಬುಟ್ಟಿಯಲ್ಲಿ ಕಿತ್ತ ಅಬ್ರಿ ಹಾಳೆಗಳು ರಾಶಿಯಾಗಿ ಬಿದ್ದಿದ್ದುವು. ನಾನು ಕೇಳಿದೆ. ಕೆಲಸದ ಹಿರಿಯರು, ‘ಅದರಲ್ಲಿ ಏನೂ ಬರೆದಿಲ್ಲವಲ್ಲ ಮೇಷ್ಟ್ರೆ, ಇಟ್ಟುಕೊಂಡು ಏನು ಮಾಡೋಣ? ಹುಳ ಮೊದಲು ಬರೋದೇ ಅಲ್ಲಿಗೆ’ ಎಂದರು. ಅವರ ಮಾತಿನಲ್ಲಿ ನಿಜವಿಲ್ಲದಿಲ್ಲ. ಒಳಹಾಳೆಯ ಹಿಂದಿನ ಹಿಟ್ಟಿನ ಅಂಟು ಹುಳುವಿಗೆ ಹಬ್ಬ. ನಮ್ಮವರು ಅಂಟಿಗೆ ಮೈಲುತುತ್ತವನ್ನು ಬೆರೆಸುವುದು ಅದಕ್ಕಾಗಿಯೇ. ತಪ್ಪು ಅವರದಲ್ಲ, ‘ಬರೆದುದಿಲ್ಲವಾದರೆ ಗ್ರಂಥವಲ್ಲ’ ಎಂದು ಅವರಿಗೆ ಆಜ್ಞೆ ಕೊಟ್ಟವರದು.

ಆಗ ಹೋದುದು ಬರಿಯ ಅಲಂಕಾರವೆಂದು ತಿಳಿಯಬಾರದು. ಎರಡು ಅಬ್ರಿ ಹಾಳೆಗಳು ಒಂದರಂತೊಂದು ಇರವೆಂದು ಮೊದಲೇ ಹೇಳಿದೆ. ದೊಡ್ಡ ಹಾಳೆಯೊಂದನ್ನು ತುಂಡು ಮಾಡಿ ನಾಲ್ಕು ಸಂಪುಟಗಳಿಗೆ ಅಂಟಿಸಿದ್ದರೆ, ಆ ತುಂಡುಗಳ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನಾಲ್ಕು ಊರುಗಳಿಗೆ ಚದುರಿಹೋದ ಸಂಪುಟಗಳು ಒಂದೇ ಕೈಯಲ್ಲಿ, ಒಂದೇ ಅಂಗಡಿಯಲ್ಲಿ ಕಟ್ಟಿಸಿಕೊಂಡುವೆಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಬೇಡ. ಪುಷ್ಪಿಕೆಯ ಮಾತನ್ನು ಯಾರಾದರೂ ತಿದ್ದಿಯಾರು. ಈ ಗೆರೆಗಳನ್ನು ತಿದ್ದುವವರಿಲ್ಲ. ಆ ಬುಟ್ಟಿಯಲ್ಲಿ ಬಿದ್ದಿದ್ದುದು ಇಂತಹ ಸಾಕ್ಷಿ. ಯಾವ ಹಾಳೆ ಯಾವ ಸಂಪುಟದ್ದೆಂದು ಹೇಳುವವರು ಅಂದೇ ಇರಲಿಲ್ಲ.

ಮನೆಯಲ್ಲಿ ಅಜ್ಜಂದಿರ ಕಾಲದ ಖಾತೆಯೋ ಗ್ರಂಥವೋ ಇರುವವರು ಭೂತಗನ್ನಡಿ ಹಿಡಿದು ಒಮ್ಮೆ ನೋಡಬಹುದು. ಒಂದೇ ಚಿತ್ತಾರ ಗೇಣಿಗೊಂದು ಸಲ ತಿರುಗಿ ಬಂದರೆ, ಅಥವಾ ಬಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡರೆ, ಅದು ಯಂತ್ರದಲ್ಲಿ ಅಚ್ಚು ಹಾಕಿದ್ದು. ಎಲ್ಲಿಯೂ ಮರುಕಳಿಸದಿದ್ದರೆ, ಅಲ್ಲಲ್ಲಿ ಧೂಳಿನ ಬಿಳಿಯ ಚುಕ್ಕೆಯಿದ್ದರೆ, ಯಾರೋ ನೀರಿನಿಂದ ಎತ್ತಿದ್ದು. ರಟ್ಟು ಕಟ್ಟಿಸಲು ಕೊಡುವಾಗ ಅದನ್ನು ಕಿತ್ತೆಸೆಯಬೇಡಿರೆಂದು ಹೇಳಬೇಕು. ನೀರಿನಲ್ಲಿ ನೆನೆಹಾಕಲೂ ಕೂಡದು, ಬಣ್ಣ ಬಿಟ್ಟೀತು; ಒದ್ದೆಮಾಡಿ ಹಿಂಡಿದ ಬಟ್ಟೆಯನ್ನು ಹಿಂಬದಿಯ ರಟ್ಟಿಗೆ ಒತ್ತಿಟ್ಟರೆ ಹಿಟ್ಟಿನ ಅಂಟು ತಾನಾಗಿ ಸಡಿಲುತ್ತದೆ. ಹೊಸ ರಟ್ಟಿಗೆ ಅದನ್ನೇ ಅಂಟಿಸುವುದು ಉತ್ತಮ. ಅದಾಗದಿದ್ದರೆ ಒಂದು ಲಕೋಟೆಯಲ್ಲಿಟ್ಟು, ಅದರ ಮೇಲೆ ಸಂಪುಟದ ಹೆಸರನ್ನೂ, ಹಾಳೆ ಮುಂದಿನ ರಟ್ಟಿನದೋ ಹಿಂದಿನದೋ ಎಂಬುದನ್ನೂ ಸೀಸದ ಕಡ್ಡಿಯಲ್ಲಿ ಬರೆದು, ಪುಸ್ತಕದ ಒಳಗೇ ಇಡಬೇಕು.